ಕೂಲಿಮಠದ ಅಭ್ಯಾಸಕ್ರಮ

ಕ್ರಿ. ಶ. ೧೬೨೩ನೆಯ ಇಸವಿಯ ಕೊನೆಯ ಭಾಗದಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಾನಗರದ ಕುಲೀನನೊಬ್ಬನು ಗೋವೆಯ ಪೋರ್ತುಗೀಜರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಪ್ರಯಾಣಮಾಡುತ್ತಿದ್ದನು. ದಾರಿಯಲ್ಲಿ ಒಂದು ದಿನ, ಆಳುಗಳು ಹೊರೆಗಳನ್ನು ಕಟ್ಟಿ ಸಿದ್ಧಪಡಿಸುತ್ತಿದ್ದಷ್ಟು ಹೊತ್ತು, ಅವನು ಒಂದು ದೇವಾಲಯದ ಜಗುಲಿಯಲ್ಲಿ ಕಾಲ ಕಳೆಯಬೇಕಾಯಿತು. ಅಲ್ಲಿ ನಾಲ್ವರು ಬಾಲಕರು ಲೆಕ್ಕವನ್ನು ಅಭ್ಯಾಸಮಾಡುತ್ತಿದ್ದರು. ಗುರುವು ಸಮೀಪದಲ್ಲಿರಲಿಲ್ಲ, ಪಾಠವನ್ನು ಮೊದಲೇ ಹೇಳಿಸಿಕೊಂಡಿದ್ದರು. ಒಬ್ಬನು ಪಾಠದ ಒಂದಂಶವನ್ನು ರಾಗವಾಗಿ ಹೇಳುತ್ತ, ಹೇಳಿದ ಅಂಕೆಯನ್ನು ನೆಲದ ಮೇಲೆ ಹರಡಿದ್ದ ನಯವಾದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದ ಮೂವರೂ ಅದನ್ನೇ ಅದೇ ರಾಗದಲ್ಲಿ ಹೇಳಿ ಬರೆಯುವರು. ನೆಲವೆಲ್ಲ ಅಂಕೆಗಳಿಂದ ತುಂಬಿದೊಡನೆ ಕೈಯಿಂದ ಒರಸಿ, ಬೇಕಾದರೆ ಹೊಸ ಮರಳನ್ನು ಚೆಲ್ಲಿ, ಮುಂದಿನ ಪಾಠವನ್ನು ತೊಡಗುವರು. ಕಾಗದವಿಲ್ಲ, ಲೇಖನಿಯಿಲ್ಲ, ಮಸಿಯಿಲ್ಲ.

ಪ್ರಯಾಣಿಕನಿಗೆ ಒಂದು ಸಂದೇಹ ಹುಟ್ಟಿತು. ಪಾಠದಲ್ಲಿ ಯಾರಾದರೂ ಮರೆತರೆ ಅಥವಾ ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಆ ಬಾಲಕರನ್ನೇ ಕೇಳಿದನು. ನಾಲ್ವರೂ ಒಂದೇ ಸ್ಥಳದಲ್ಲಿ ಮರೆಯುವುದು ಸಂಭವಿಸಲಾರದೆಂದೂ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದಲೆಂದೇ ಹೀಗೆ ಕೂಡಿ ಕಲಿಯುವುದೆಂದೂ ಅವರು ಉತ್ತರಕೊಟ್ಟರು. ಈ ಮಾತು ಸರಿಯೆಂದು ಅವನು ಒಪ್ಪಿಕೊಂಡು ತನ್ನ ಪತ್ರದಲ್ಲಿ ಬರೆದಿಟ್ಟಿದ್ದಾನೆ. ರಾಗವಾಗಿ ಹೇಳುವುದು ಪಾಠವನ್ನು ಮನಸ್ಸಿನಲ್ಲಿ ಆಳವಾಗಿ ಊರುವಂತೆ ಮಾಡುತ್ತದೆಂಬುದನ್ನೂ ಆತನು ಗಮನಿಸದೆ ಬಿಡಲಿಲ್ಲ.

ವಿದ್ಯಾರ್ಥಿಗಳು ಹೇಗೆ ಓದಬೇಕೆಂಬ ಚರ್ಚೆಯು ಪರೀಕ್ಷೆಯ ಕಾಲವು ಸಮೀಪಿಸಿದಾಗಲೆಲ್ಲ ಮನೆಮನೆಗಳಲ್ಲಿಯೂ ಏಳುವಂಥದು. ಆದರೆ ಈ ನಾಡಿನ ಮಕ್ಕಳು ಹಿಂದೆ ಹೇಗೆ ಓದುತ್ತಿದ್ದರೆಂಬುದನ್ನು ವಿಚಾರಿಸುವವರು ಅಪರೂಪ. ಇದಕ್ಕೆ ಕಾರಣವೂ ಇದೆ. ಊರೂರಿನ ಐಗಳು ತಮ್ಮ ಕೆಲಸವನ್ನು ಮಾಡಿದರಲ್ಲದೆ ಅದನ್ನು ಕುರಿತು ಗ್ರಂಥ ಬರೆಯಲಿಲ್ಲ. ಅಡಿಗೆಯವನು ಅಡಿಗೆಮಾಡಿ ಬಡಿಸುವನೇ ಹೊರತು ಒಲೆಯ ಚರಿತ್ರೆಯನ್ನು ಬರೆಯುವುದಿಲ್ಲವಷ್ಟೆ. ಆದುದರಿಂದ ಹಳೆಯ ಮಠಗಳ ಒಳಗಿನ ನಡವಳಿಕೆಯನ್ನು ತಿಳಿಯಬೇಕಾದರೆ ದಾರಿಹೋಕರನ್ನೂ ಅಧಿಕಾರಿಗಳನ್ನೂ ಆಶ್ರಯಿಸಬೇಕಾಗಿದೆ. ಅಂಥವರಲ್ಲಿ ಅತ್ಯಂತ ವಿವರವಾಗಿ ಬರೆದವನು, ವಾಲ್ಲೆಯು ಬಂದುಹೋದ ಸರಿಯಾಗಿ ಇನ್ನೂರು ವರ್ಷಗಳ ತರುವಾಯ, ಬಳ್ಳಾರಿಯ ಕಲೆಕ್ಟರನಾಗಿದ್ದ ಏ. ಡಿ. ಕ್ಯಾಂಬೆಲ್ಲನು.

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ನೆಯ ಜೂನ್ ತಿಂಗಳಲ್ಲಿ, ಪ್ರಾಂತದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಎಷ್ಟು ಪಾಠಶಾಲೆಗಳಿವೆ, ಅವುಗಳಲ್ಲಿ ಏನನ್ನು ಕಲಿಸುತ್ತಾರೆ ಎಂಬುದನ್ನು ವಿಚಾರಿಸಿ ತಿಳಿಸುವಂತೆ ಅಪ್ಪಣೆಮಾಡಿದನು. ಅನೇಕ ಕಲೆಕ್ಟರರು ಅಂಕೆಗಳ ಪಟ್ಟಿಯನ್ನು ಕಳುಹಿಸಿ ಕೈತೊಳೆದುಕೊಂಡರು. ಕ್ಯಾಂಬೆಲ್ಲನು ಹಾಗೆ ಮಾಡಲಿಲ್ಲ. ಆತನು ೧೮೧೬ರಲ್ಲಿಯೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಜ್ಞನು. ಆದಕಾರಣ ಮಠದ ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸಿದುದರಿಂದ ಅವನಿಗೆ ತೃಪ್ತಿಯಾಗಲಿಲ್ಲ. ೧೮೨೩ನೆಯ ಆಗಸ್ಟ್ ೧೭ರಂದು ಅವನು ಕಳುಹಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮರಾಠಿಯವು ೨೩, ಪಾರ್ಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಇವಲ್ಲದೆ ಬ್ರಾಹ್ಮಣರು ಸಂಸ್ಕೃತಶಾಸ್ತ್ರಗಳನ್ನು ಅಭ್ಯಾಸಮಾಡುತ್ತಿದ್ದ ಸ್ಥಳಗಳು ೨೩. ಅಂದಿನ ಬಳ್ಳಾರಿ ಜಿಲ್ಲೆಯು ೧೮೮೨ರಲ್ಲಿ ಬೇರೆಯಾದ ಅನಂತಪುರದ ಸೀಮೆಯನ್ನೂ ಒಳಗೊಂಡಿತ್ತೆಂಬುದನ್ನು ನೆನೆದರೆ ತೆಲುಗು ಮಠಗಳ ಸಂಖ್ಯೆಯು ಆಶ್ಚರ್ಯವನ್ನುಂಟುಮಾಡುವುದಿಲ್ಲ.

ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾಭ್ಯಾಸ. ಗುರುವನ್ನೂ ಮಠದ ಹುಡುಗರನ್ನೂ ಮನೆಗೆ ಕರೆದು, ಗಣಪತಿಯ ವಿಗ್ರಹದ ಸುತ್ತಲೂ ಕುಳ್ಳಿರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ದೇವರ ನಾಮವನ್ನು ಬರೆಯಿಸುವರು. ಮಾರನೆಯ ದಿನದಿಂದ ಬೆಳಗಿನ ಆರು ಗಂಟೆಗೆ ಮಠ. ಎಲ್ಲರಿಗಿಂತ ಮುಂಚೆ ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಎಂದರೆ ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿಯೇಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಏರುತ್ತ ಹೋಗುವುದು. ಹನ್ನೆರಡನೆಯವನ ಗತಿಯನ್ನು ಓದುಗರೇ ಲೆಕ್ಕಹಾಕಿಕೊಳ್ಳಬಹುದು. ಕೂಡುವ ಲೆಕ್ಕವನ್ನು ಕಲಿಯುವುದಕ್ಕೆ ಅದೂ ಒಂದು ಉಪಾಯವಾಗಿದ್ದಿರಬೇಕು. ಸೋಮಾರಿಗಳಿಗೆ ಕೋದಂಡ, ಬಸ್ಕಿ ಮೊದಲಾದ ಶಿಕ್ಷೆಗಳೂ ಇದ್ದುವು. ಈ ಭಾಗವನ್ನು ಹಳೆಯ ಕಾಲದ ಶಿಸ್ತೆಂದು ಹೊಗಳುವವರು ಇಂದಿಗೂ ಕೆಲವರಿದ್ದಾರೆ. ಅವರು ಕೋದಂಡದಲ್ಲಿ ತೂಗಾಡಿದವರಲ್ಲವೆಂದು ತೋರುತ್ತದೆ.

ಆದರೆ ಶಿಕ್ಷೆಯನ್ನು ಒತ್ತಟ್ಟಿಗಿಟ್ಟು ಶಿಕ್ಷಣವನ್ನು ನೋಡಿದರೆ ಬೇರೊಂದು ಚಿತ್ರವು ಕಾಣುತ್ತದೆ. ಯೂರೋಪಿನಲ್ಲಿ ಅಕ್ಷರವನ್ನು ಮೊದಲು ಬಾಯಿಂದ ಹೇಳಿಸುತ್ತಿದ್ದರು. ಇಲ್ಲಿ ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಕೈ, ಕಣ್ಣು, ಬಾಯಿ ಮೂರೂ ಏಕಕಾಲದಲ್ಲಿ ಅಕ್ಷರವನ್ನು ಹಿಡಿಯುತ್ತಿದ್ದುವು. ಮರಳಿನಲ್ಲಿ ಕೈ ಕುದುರಿದ ಮೇಲೆ ಓಲೆಗರಿ, ಕಾಗದ, ಅಥವಾ ಹೆಚ್ಚಾಗಿ ಹಲಗೆ ಮತ್ತು ಕಡತ. ಹಲಗೆಯೆಂದರೆ ಸುಮಾರು ಮೂರಡಿ ಉದ್ದ, ಒಂದಡಿ ಅಗಲದ ಮರದ ಹಲಗೆ. ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದು ಅದನ್ನು ಕಪ್ಪುಮಾಡುವರು. ಕಡತವೆಂದರೆ ಗಂಜಿಹಾಕಿ ಗಡುಸುಮಾಡಿ ಪುಸ್ತಕದಂತೆ ಮಡಿಸಿದ ಬಟ್ಟೆ; ಅದಕ್ಕೆ ಇದ್ದಲು ಮತ್ತು ಅಂಟುಗಳ ಲೇಪ. ಎರಡರ ಮೇಲೆಯೂ ಬಿಳಿಯ ಬಳಪದಿಂದ ಬರೆದು, ಒದ್ದೆಬಟ್ಟೆಯಿಂದ ಒರಸಬಹುದಾಗಿತ್ತು. ಅಕ್ಷರಗಳಾದ ಮೇಲೆ ಕಾಗುಣಿತ, ಒತ್ತಕ್ಷರ. ಅನಂತರ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಅದಾದ ಮೇಲೆ ಅಂಕೆಗಳು.

ಈ ಸಾಧನಗಳ ಅಗ್ಗತನವನ್ನು ಎಲ್ಲರೂ ಹೊಗಳಿದ್ದಾರೆ. ಅದಕ್ಕಿಂತಲೂ ಮುಖ್ಯವಾದುದು ಬೇರೊಂದಿದೆ. ಮರಳಿನ ಮೇಲೆ ಬರೆದುದು ಉಳಿಯುವುದಿಲ್ಲ. ನಿನ್ನೆಯ ಪಾಠವು ಇಂದು ನೋಡಿಕೊಳ್ಳುವುದಕ್ಕೆ ನೆಲದ ಮೇಲೆ ಇರುವುದಿಲ್ಲ. ಇದ್ದರೆ ಹುಡುಗನ ತಲೆಯಲ್ಲಿ ಇರಬೇಕು. ಪ್ರತಿದಿನವೂ ಅದನ್ನು ಅಲ್ಲಿಂದಲೇ ತೆಗೆದು ಬರೆಯಬೇಕು. ಮುದ್ರಿತ ಪುಸ್ತಕವು ಕೈಗೆ ಬಂದಮೇಲೆ ಈ ಬಲವಂತವು ತಪ್ಪಿತು. ಪುಟವನ್ನು ತಿರುವಿ ನೋಡಿದ ಹುಡುಗನಿಗೆ, ಕಂಡ ಮುಖವೆಂಬ ಪರಿಚಯವೇ ಜ್ಞಾನವಾಗಿ ತೋರತೊಡಗಿತು. ಬೀದಿಯಲ್ಲಿ ದಿನವೂ ಕಾಣುವವನ ಹೆಸರು ಕೇಳಿದರೆ ಹೇಳಲಾಗದಂತೆ, ಹತ್ತು ಸಲ ಕಣ್ಣಾಡಿಸಿದ ಪಾಠವು ಪ್ರಶ್ನೆ ಬಂದಾಗ ಬಾಯಿಗೆ ಬಾರದೆ ಹೋಗುವುದು.

ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಕೆಳಗಿನವುಗಳನ್ನು ಮೇಲಿನ ಹುಡುಗರು ನೋಡಿಕೊಳ್ಳುವರು. ಗುರುವು ಮೇಲಿನವರಿಗೆ ಪಾಠ ಹೇಳುತ್ತ ಎಲ್ಲರ ಮೇಲೂ ಒಂದು ಕಣ್ಣಿಟ್ಟಿರುವನು. ಹೇಳಿಕೊಡುವ ಹುಡುಗನು ಹಾಗೆ ಹೇಳಿಕೊಡುವುದರಿಂದಲೇ ತನ್ನ ವಿದ್ಯೆಯನ್ನು ಗಟ್ಟಿಮಾಡಿಕೊಳ್ಳುತ್ತಾನೆಂಬುದನ್ನು ಕ್ಯಾಂಬೆಲ್ಲನು ವಿಶೇಷವಾಗಿ ಶ್ಲಾಘಿಸಿ, ಇಂಗ್ಲೆಂಡಿನವರು ಈ ಪದ್ಧತಿಯನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದು ಬರೆದನು.

ಆ ಅನುಕರಣದ ಕಥೆಯು ಮದರಾಸಿನಲ್ಲಿ ಪ್ರಾರಂಭವಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಪಾದ್ರಿ ಆಂಡ್ರೂ ಬೆಲ್ ಎಂಬವನು ೧೭೮೯ರಲ್ಲಿ ಎಗ್ಮೋರಿನ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ಒಂದು ದಿನ ಬೆಳಿಗ್ಗೆ ಕುದುರೆಯ ಮೇಲೆ ಹೋಗುತ್ತಿರುವಾಗ, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ಕಂಡನು. ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಬೇಕೆಂದು ಉಪಾಧ್ಯಾಯರಿಗೆ ಹೇಳಿದನು. ಉಪಾಧ್ಯಾಯರಿಗೆ ಅದು ಒಗ್ಗಲಿಲ್ಲ. ಕೊನೆಗೆ ಬೆಲ್ಲನು ಅಕ್ಷರದ ತರಗತಿಯನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ವಿದ್ಯಾರ್ಥಿಯ ಕೈಗೆ ಒಪ್ಪಿಸಿದನು. ದೊಡ್ಡವರಿಗೆ ಅಸಾಧ್ಯವೆಂದು ತೋರಿದುದನ್ನು ಆ ಹುಡುಗನು ಸಾಧಿಸಿದನು. ಬೆಲ್ಲನು ೧೭೯೬ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ವೃತ್ತಾಂತವನ್ನು ಅಚ್ಚುಹಾಕಿಸಿದನು. ಅದು ಅಲ್ಲಿ ಮದರಾಸು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಕೆಲವು ವರ್ಷಗಳಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ಹರಡಿತು. ಆದರೆ ಅಲ್ಲಿಯವರು ನೂರಾರು ಮಕ್ಕಳನ್ನು ಒಬ್ಬನೇ ಉಪಾಧ್ಯಾಯನ ಕೈಯಲ್ಲಿ ಕೂಡಿಟ್ಟು ಹಣ ಉಳಿಸುವ ಯಂತ್ರವನ್ನಾಗಿ ಅದನ್ನು ಮಾರ್ಪಡಿಸಿದರು. ಬಳ್ಳಾರಿಯ ಮಠವೊಂದರಲ್ಲಿದ್ದುದು ಸರಾಸರಿ ಹನ್ನೆರಡು ಮಕ್ಕಳು. ಹನ್ನೆರಡರಲ್ಲಿ ಒಬ್ಬನು ಇನ್ನಿಬ್ಬರಿಗೆ ಹೇಳಿಕೊಡುವುದು ಬೇರೆ, ಸಾವಿರದ ಸಾಲಿನಲ್ಲಿ ಕೂಗುವುದು ಬೇರೆ.

ಹೇಳಿಕೊಡುವುದೂ ಕಲಿಕೆಯೇ ಎಂಬ ತತ್ತ್ವವು ಐಗಳಿಗೆ ಎಲ್ಲಿಂದ ಬಂದಿತೆಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ವಿದ್ಯೆಯು ಉಪಯುಕ್ತವಾಗುವ ನಾಲ್ಕು ಕಾಲಗಳನ್ನು ಹೇಳುತ್ತಾನೆ: ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಮರಳಿ ಅಭ್ಯಾಸಮಾಡುವ ಸ್ವಾಧ್ಯಾಯಕಾಲ, ಇತರರಿಗೆ ಹೇಳಿಕೊಡುವ ಪ್ರವಚನಕಾಲ, ಆಚರಣೆಯಲ್ಲಿ ತರುವ ವ್ಯವಹಾರಕಾಲ. ಕೇಳಿಸಿಕೊಂಡಷ್ಟರಿಂದಲೇ ವಿದ್ಯೆ ಮುಗಿಯಿತೆಂದು ಅವನು ಭಾವಿಸಲಿಲ್ಲ. ಅದು ನಾಲ್ಕರಲ್ಲಿ ಮೊದಲನೆಯದು ಮಾತ್ರ. ವೇದಾಧ್ಯಾಯಿಗಳ ಕ್ರಮವನ್ನೂ ಇಲ್ಲಿಯೇ ನೆನೆಯಬಹುದು. ಸಂಹಿತೆಯನ್ನು ಹೇಳಿದ ಮೇಲೆ ಪದಗಳನ್ನು ಬಿಡಿಸಿ ಹೇಳುವುದು ಪದಪಾಠ; ಒಂದು-ಎರಡು, ಎರಡು-ಮೂರು ಎಂದು ಕೊಂಡಿಹಾಕುವುದು ಕ್ರಮ; ಒಂದು-ಎರಡು, ಎರಡು-ಒಂದು, ಮತ್ತೆ ಒಂದು-ಎರಡು ಎಂದು ಹಿಂದುಮುಂದಾಗಿ ಹೆಣೆಯುವುದು ಜಟೆ; ಅದಕ್ಕೂ ಮೇಲೆ ಘನ. ಒಂದೇ ಮಂತ್ರವನ್ನು ಒಂದೇ ಬಗೆಯಲ್ಲಿ ನೂರು ಸಲ ಹೇಳಿದರೆ ನಾಲಗೆಯು ತಾನಾಗಿ ಓಡುತ್ತದೆ, ಮನಸ್ಸು ಸಂತೆಗೆ ಹೋಗುತ್ತದೆ. ಜಟೆಯನ್ನು ಹೇಳುವಾಗ ಮನಸ್ಸು ಎದ್ದು ಬೇರೆಡೆಗೆ ಹೋದರೆ ಮುಂದಿನ ಪದವೇ ತಪ್ಪುತ್ತದೆ.

ಕೂಲಿಮಠದ ಮಗ್ಗಿಯೂ ದಿನದಿನವೂ ನಡೆಯುತ್ತಿದ್ದ ಇಂಥ ಒಪ್ಪಿಸುವಿಕೆಯೇ. ಹಿರಿಯ ಹುಡುಗನು ಮುಂದೆ ನಿಂತು ಹೇಳುವನು. ಉಳಿದವರು ಅವನ ಹಿಂದೆ ಸಾಲುಗಟ್ಟಿ ನಿಂತು ಒಕ್ಕೊರಲಿನಿಂದ ಹೇಳುವರು. ಪೂರ್ಣಾಂಕಗಳಷ್ಟೇ ಅಲ್ಲದೆ ಕಾಲು, ಅರೆ, ಮುಕ್ಕಾಲುಗಳ ಕೋಷ್ಟಕಗಳೂ, ಅಳತೆ ತೂಕ ನಾಣ್ಯಗಳ ಲೆಕ್ಕಗಳೂ ಹೀಗೆಯೇ ಬಾಯಿಗೆ ಬರುತ್ತಿದ್ದುವು. ಅಂಗಡಿಯಲ್ಲಿ ಕುಳಿತ ಮುದುಕನು ಕಾಗದವಿಲ್ಲದೆ ಮುಕ್ಕಾಲು ಮೂರು ವೀಸದ ಲೆಕ್ಕವನ್ನು ಹೇಳುತ್ತಿದ್ದುದು ಈ ಮಗ್ಗಿಯ ಬಲದಿಂದ.

ಇಷ್ಟನ್ನು ಹೊಗಳಿದ ಕ್ಯಾಂಬೆಲ್ಲನೇ ಈ ಮಠಗಳ ದೊಡ್ಡ ದೋಷವನ್ನೂ ತೋರಿಸಿದನು. ಹುಡುಗರು ಓದುತ್ತಿದ್ದುದು ರಾಮಾಯಣ, ಭಾರತ, ಭಾಗವತ, ಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದ ಪದ್ಯಗ್ರಂಥಗಳನ್ನು. ಗ್ರಂಥಗಳೇನೋ ಉತ್ತಮವಾದುವು, ಆದರೆ ಅವುಗಳ ಭಾಷೆಗೂ ಮನೆಯ ಮಾತಿಗೂ ಬಹಳ ಅಂತರ. ಲಿಪಿಯು ಒಂದೇ ಆದುದರಿಂದ ಹುಡುಗನು ಪದ್ಯವನ್ನು ತಡೆಯಿಲ್ಲದೆ ಓದಬಲ್ಲನು, ಒಂದಕ್ಷರವೂ ತಪ್ಪದೆ ಒಪ್ಪಿಸಬಲ್ಲನು. ಅರ್ಥವನ್ನು ಕೇಳಿದರೆ ಗಿಳಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಅನೇಕ ಕಡೆಗಳಲ್ಲಿ ಗುರುವಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಪರದೇಶದವನೊಬ್ಬನು ಹೀಗೆ ಬರೆದನೆಂದು ಕೋಪಿಸಿಕೊಳ್ಳುವುದಕ್ಕೆ ಕಾರಣವಿಲ್ಲ. ವೇದವನ್ನು ಅಧ್ಯಯನಮಾಡಿಯೂ ಅರ್ಥವನ್ನು ತಿಳಿಯದವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸಿ ನಿಂದಿಸುವ ಮಾತು ಯಾಸ್ಕನ ನಿರುಕ್ತದಲ್ಲಿಯೇ ಇದೆ. ರೋಗವು ಹಳೆಯದು, ಬಳ್ಳಾರಿಯಲ್ಲಿ ಹುಟ್ಟಿದುದಲ್ಲ.

ಆ ಮಠಗಳು ಅಳಿದುದು ಈ ದೋಷದಿಂದಲ್ಲ. ಅದನ್ನೂ ಕ್ಯಾಂಬೆಲ್ಲನೇ ಸ್ಪಷ್ಟವಾಗಿ ಬರೆದಿದ್ದಾನೆ. ಸೀಮೆಯ ಬಟ್ಟೆಯು ಬಂದು ಇಲ್ಲಿಯ ಹತ್ತಿಬಟ್ಟೆಯ ಕಸಬು ಕೆಟ್ಟಿತು. ಸೈನ್ಯಗಳು ದೂರದ ಗಡಿಗಳಿಗೆ ಹೋದುವು. ದೇಶೀಯ ಪ್ರಭುಗಳು ಇಲ್ಲಿಯೇ ಖರ್ಚುಮಾಡುತ್ತಿದ್ದ ಹಣವು ಸಮುದ್ರ ದಾಟಿ ಹೋಗತೊಡಗಿತು. ಮಧ್ಯಮವರ್ಗದವರಿಗೂ ಬಡವರಿಗೂ ಗುರುವಿನ ಕೂಲಿಯನ್ನು ಕೊಡುವ ಶಕ್ತಿಯಿಲ್ಲವಾಯಿತು. ಮಕ್ಕಳ ಕೈಕಾಲುಗಳಿಗೆ ಸ್ವಲ್ಪ ಬಲ ಬಂದೊಡನೆ ಅವರನ್ನು ದುಡಿಮೆಗೆ ಹಚ್ಚಬೇಕಾಯಿತು. ೯,೨೭,೮೫೭ ಜನರಿದ್ದ ಜಿಲ್ಲೆಯಲ್ಲಿ ಮಠಕ್ಕೆ ಹೋಗುತ್ತಿದ್ದವರು ೬,೬೪೧ ಮಂದಿ, ಎಂದರೆ ಸಾವಿರಕ್ಕೆ ಏಳರಂತೆ. ಅವರಲ್ಲಿ ಹೆಣ್ಣುಮಕ್ಕಳು ಅರವತ್ತೇ ಮಂದಿ. ಹಳೆಯ ಪದ್ಧತಿಯನ್ನು ಕೊಂಡಾಡುವವರು ಈ ಎರಡು ಅಂಕೆಗಳನ್ನು ಬದಿಗೆ ಸರಿಸಬಾರದು.

೧೮೫೪ರ ವುಡ್ಡನ ಶಾಸನಪತ್ರವಾದ ಮೇಲೆ ಸರಕಾರದ ವಿದ್ಯಾ ಇಲಾಖೆಗಳು ಹುಟ್ಟಿದುವು. ೧೮೫೭ರಲ್ಲಿ ಮದರಾಸು, ಮುಂಬಯಿ, ಕಲಕತ್ತೆಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಹೊಸ ಶಾಲೆಗಳಿಂದ ಆದ ಉಪಕಾರವು ಅಲ್ಪವಲ್ಲ. ಮಠದ ಬಾಗಿಲನ್ನೇ ಕಾಣದಿದ್ದ ಎಷ್ಟೋ ಕುಲದ ಮಕ್ಕಳು ಕ್ರಮೇಣ ಅಕ್ಷರವನ್ನು ಕಂಡರು; ಭೂಗೋಳ, ಇತಿಹಾಸ, ಪ್ರಕೃತಿಶಾಸ್ತ್ರಗಳು ತರಗತಿಯೊಳಕ್ಕೆ ಬಂದುವು. ಆದರೆ ಹೊಸದನ್ನು ಕಟ್ಟುವಾಗ ಹಳೆಯದರಲ್ಲಿ ಯಾವುದನ್ನು ಬಿಟ್ಟರು, ಯಾವುದನ್ನು ಇಟ್ಟುಕೊಂಡರು ಎಂಬುದನ್ನು ನೋಡಿದರೆ ವಿಷಾದವಾಗುತ್ತದೆ. ಮರಳು ಹೋಯಿತು. ಹುಡುಗನು ಹುಡುಗನಿಗೆ ಹೇಳಿಕೊಡುವುದು ತರಗತಿಯಲ್ಲಿ ಮಾತಾಡುವ ಅಪರಾಧವಾಯಿತು. ದಿನದಿನದ ಒಪ್ಪಿಸುವಿಕೆಯ ಸ್ಥಾನಕ್ಕೆ ವರ್ಷಕ್ಕೊಂದು ಪರೀಕ್ಷೆ ಬಂದಿತು. ಉಳಿದುದು ಗಿಳಿಪಾಠ ಒಂದೇ. ಹಿಂದೆ ಪದ್ಯವನ್ನು ಅರ್ಥವಿಲ್ಲದೆ ಉರುಹೊಡೆಯುತ್ತಿದ್ದವರು ಈಗ ಇಂಗ್ಲಿಷಿನ ಗದ್ಯವನ್ನು ಉರುಹೊಡೆಯತೊಡಗಿದರು. ೧೯೦೨ರ ವಿಶ್ವವಿದ್ಯಾನಿಲಯಗಳ ಆಯೋಗವು, ಬೋಧನೆಗೆ ಪರೀಕ್ಷೆಯು ಅಧೀನವಾಗಿರುವುದಕ್ಕೆ ಬದಲಾಗಿ ಪರೀಕ್ಷೆಗೆ ಬೋಧನೆಯು ಅಧೀನವಾಗಿದೆಯೆಂದು ದೂರಿತು. ಆ ದೂರು ಇನ್ನೂ ಹಳತಾಗಿಲ್ಲ.

ಇತ್ತ ಯೂರೋಪು ಅಮೆರಿಕಗಳಲ್ಲಿ ಜ್ಞಾಪಕಶಕ್ತಿಯನ್ನು ತೂಗಿ ನೋಡುವ ಕೆಲಸವು ಆರಂಭವಾಗಿತ್ತು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸನು ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ವರ್ಷಗಟ್ಟಲೆ ಬಾಯಿಪಾಠಮಾಡಿ, ೧೮೮೫ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ ೬೮ ಸಲ ಹೇಳಿದುದರಿಂದ ದೊರೆತ ಪ್ರಯೋಜನವು, ಮೂರು ದಿನಗಳಲ್ಲಿ ಹಂಚಿ ೩೮ ಸಲ ಹೇಳಿದುದರಿಂದಲೇ ದೊರೆಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಆರ್ಥರ್ ಗೇಟ್ಸನು ೧೯೧೭ರಲ್ಲಿ ಶಾಲೆಯ ಮಕ್ಕಳನ್ನು ಪರೀಕ್ಷಿಸಿ, ಇರುವ ಕಾಲವನ್ನೆಲ್ಲ ಓದುವುದರಲ್ಲಿಯೇ ಕಳೆದವರಿಗಿಂತ, ಅದರ ಹೆಚ್ಚಿನ ಪಾಲನ್ನು ನೋಡದೆ ಒಪ್ಪಿಸುವುದರಲ್ಲಿ ಕಳೆದವರು ಹೆಚ್ಚನ್ನು ನೆನಪಿಟ್ಟರೆಂದು ತೋರಿಸಿದನು. ೨೦೦೬ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಕಾಲೇಜಿನ ವಿದ್ಯಾರ್ಥಿಗಳ ಒಂದು ತಂಡಕ್ಕೆ ಒಂದು ಪಾಠವನ್ನು ನಾಲ್ಕು ಅವಧಿ ಓದಲು ಕೊಟ್ಟರು. ಇನ್ನೊಂದು ತಂಡವು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಕೇಳಿದಾಗ ಓದಿದವರೇ ಮುಂದಾಗಿದ್ದರು. ಒಂದು ವಾರವಾದ ಮೇಲೆ ಕೇಳಿದಾಗ ಓದಿದವರಿಗೆ ನೂರಕ್ಕೆ ೪೦ರಷ್ಟು ನೆನಪಿತ್ತು, ಬರೆದವರಿಗೆ ೬೧ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಓದಿದುದು ಮಾರನೆಯ ಬೆಳಿಗ್ಗೆ ಉತ್ತರಪತ್ರಿಕೆಯಲ್ಲಿ ಇಳಿದು, ಬೇಸಿಗೆಯ ರಜವು ಮುಗಿಯುವ ಹೊತ್ತಿಗೆ ಮಾಯವಾಗುವುದು ಏಕೆಂಬುದನ್ನು ಈ ಎರಡು ಫಲಿತಾಂಶಗಳು ಒಟ್ಟಿಗೆ ತಿಳಿಸುತ್ತವೆ.

ಇದರಿಂದ ಐಗಳು ಮನಶ್ಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ಹೇಳುವುದು ಅತಿಶಯೋಕ್ತಿ. ಕಾಗದಕ್ಕೆ ಹಣವಿರಲಿಲ್ಲ, ಆದುದರಿಂದ ಮರಳು. ಇನ್ನೊಬ್ಬ ಗುರುವಿಗೆ ಕೂಲಿಯಿರಲಿಲ್ಲ, ಆದುದರಿಂದ ಹಿರಿಯ ಹುಡುಗ. ಪುಸ್ತಕಗಳು ಇರಲಿಲ್ಲ, ಆದುದರಿಂದ ಒಪ್ಪಿಸುವಿಕೆ. ದಾರಿದ್ರ್ಯವು ಕಲಿಸಿದ ಉಪಾಯಗಳು ಇವು. ಕೈಯಲ್ಲಿ ಪುಸ್ತಕವೂ ದೀಪವೂ ಉಳ್ಳ ಇಂದಿನ ಹುಡುಗನು ಅವುಗಳನ್ನು ಬಲವಂತವಿಲ್ಲದೆ ತಾನಾಗಿ ಕೈಕೊಳ್ಳಬೇಕಾಗಿರುವುದರಿಂದ ಅವನ ಕಷ್ಟವು ಒಂದು ರೀತಿಯಲ್ಲಿ ಹೆಚ್ಚಿನದೇ. ಪುಸ್ತಕವನ್ನು ಮುಚ್ಚುವುದಕ್ಕೆ ಯಾರೂ ಅವನನ್ನು ಒತ್ತಾಯಪಡಿಸುವುದಿಲ್ಲ. ಮುಚ್ಚಿ ಹೇಳಿನೋಡಿದಾಗ ಬಾರದೆ ಹೋಗುವ ನಾಚಿಕೆಯನ್ನು ಅವನೇ ಅನುಭವಿಸಬೇಕು, ಮತ್ತೆ ತೆರೆದು ನೋಡಬೇಕು. ತಂಗಿಗೋ ನೆರೆಮನೆಯ ಹುಡುಗನಿಗೋ ಅರ್ಥವನ್ನು ಬಿಡಿಸಿ ಹೇಳುವಾಗ ಅವನು ತೊಡರಿದನೆಂದರೆ, ಯಾಸ್ಕನೂ ಕ್ಯಾಂಬೆಲ್ಲನೂ ಹೇಳಿದ ದೋಷವು ಎಲ್ಲಿದೆಯೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಗಿಳಿಯು ಒಪ್ಪಿಸಬಲ್ಲುದು, ಇನ್ನೊಂದು ಗಿಳಿಯ ಪ್ರಶ್ನೆಗೆ ಉತ್ತರ ಕೊಡಲಾರದು.

ಆಂಡ್ರೂ ಬೆಲ್ಲನು ೧೮೩೨ರಲ್ಲಿ ಮೃತನಾದಾಗ ಅವನ ದೇಹವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಮಾಡಿದರು. ಅವನ ಹಣದಿಂದ ಸೇಂಟ್ ಆಂಡ್ರೂಸಿನಲ್ಲಿ ಕಟ್ಟಿದ ಶಾಲೆಗೆ ಮದರಾಸು ಕಾಲೇಜೆಂದು ಹೆಸರು. ಸಮುದ್ರದಾಚೆಯ ಆ ಸ್ಕಾಟಿಷ್ ಪಟ್ಟಣದಲ್ಲಿ ಅದು ಇಂದಿಗೂ ಅದೇ ಹೆಸರಿನಿಂದ ನಡೆಯುತ್ತಿದೆ. ಇಲ್ಲಿ ಕಡತವೆಂಬ ಶಬ್ದವು ಸರಕಾರಿ ಕಚೇರಿಯ ಕಾಗದಗಳ ಕಟ್ಟಿಗೆ ಹೆಸರಾಗಿ ಉಳಿದಿದೆ. ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯುತ್ತಿದ್ದ ಕಪ್ಪು ಬಟ್ಟೆಯ ಕಡತಕ್ಕೂ ಅದೇ ಹೆಸರಿತ್ತೆಂದರೆ ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ನಂಬುವುದಿಲ್ಲ.